ಅಂಗಳದ ಹೊಗೆಗಂಡಿ

ನಮ್ಮ ಊರು ಬೋಜ್ಕಯಾದಲ್ಲಿ ಒಬ್ಬರ ಅಂಗಳವೆಂದರೆ ಇನ್ನೊಬ್ಬರ ಮಾಡು. ಗುಡ್ಡವನ್ನೇ ಕೊರೆದು ಒಂದರ ಮೇಲೊಂದು ಮನೆ ಮಾಡಿಕೊಂಡವರಿಗೆ ಬೇರೆ ದಾರಿ ಏನಿದೆ? ಮೇಲಿನವರು ಹೆಜ್ಜೆ ಜೋರಾಗಿಟ್ಟರೆ ಕೆಳಗಿನವರ ತಟ್ಟೆಗೆ ಕಲ್ಲಿನ ಪುಡಿ ಉದುರುತ್ತದೆ. ಕೆಳಗಿನವರು ಒಲೆ ಹೊತ್ತಿಸಿದರೆ ಮೇಲಿನವರ ಅಂಗಳದ ನಡುವೆ ಹೊಗೆ ಏಳುತ್ತದೆ. ಹಾಗಾಗಿ ಯಾರ ಮನೆಯಲ್ಲಿ ಅಡುಗೆಯಾಯಿತು, ಯಾರು ಜ್ವರ ಬಂದು ಮಲಗಿದ್ದಾರೆ ಎಂದು ನಾವು ಯಾರನ್ನೂ ಕೇಳಬೇಕಿಲ್ಲ. ಬೆಳಿಗ್ಗೆ ಹೊಗೆ ಕಾಣದಿದ್ದರೆ ಮೇಲಿನವರು ಇಳಿದು ಬಂದು ಬಾಗಿಲು ತಟ್ಟುತ್ತಾರೆ.

ಅದಕ್ಕೇ ನಮ್ಮಲ್ಲಿ "ನಿನ್ನ ಹೊಗೆಗಂಡಿ ಹೊಗೆಯಾಡದೆ ಹೋಗಲಿ" ಎನ್ನುವುದಕ್ಕಿಂತ ಕೆಟ್ಟ ಬೈಗುಳವಿಲ್ಲ. ಅವ್ವ ಅಪ್ಪನನ್ನು ಎಳೆದು ಬೈದವರೂ ಮರುದಿನ ಜೊತೆಗೆ ಕೂತು ಚಹಾ ಕುಡಿಯುವುದನ್ನು ನೋಡಿದ್ದೇನೆ. ಈ ಮಾತು ಬಾಯಿಂದ ಬಿದ್ದರೆ ಮಾತ್ರ ಸಂಬಂಧ ಅಲ್ಲಿಗೆ ಮುಗಿಯಿತು. ನನ್ನ ತಮ್ಮ ರಿಫ್ಕಿ ಈ ಮಾತನ್ನು ನನ್ನ ಅಣ್ಣ ಜೆಕೆರಿಯಾಗೆ ಆಡಿದ, ಅದೂ ಚಹಾದಂಗಡಿಯಲ್ಲಿ, ಊರ ಗಂಡಸರೆಲ್ಲ ಕೂತಿದ್ದಾಗ.

ಜಗಳ ಮನೆಯದೇ. ಅಪ್ಪ ತೀರಿಕೊಂಡಾಗ ಮನೆ ಎರಡಾಯಿತು. ಹಿರಿಯನೆಂದು ಜೆಕೆರಿಯಾ ಕೆಳಗಿನದನ್ನು ಆರಿಸಿಕೊಂಡ. ಅಲ್ಲಿ ದನದ ಕೊಟ್ಟಿಗೆ ಇತ್ತು, ನೆಲದಲ್ಲಿ ಹೂತ ದೊಡ್ಡ ತಂದೂರು ಒಲೆ ಇತ್ತು. ಮೇಲಿನ ಬರೀ ಅಂಗಳ ಮತ್ತು ಖಾಲಿ ಗವಿಗಳು ರಿಫ್ಕಿಯ ಪಾಲಿಗೆ ಬಂದವು. ಆಗ ಎಲ್ಲರೂ ರಿಫ್ಕಿಗೆ ಅಯ್ಯೋ ಪಾಪ ಅಂದರು. ಆಮೇಲೆ ಕಣಿವೆಗೆ ಬಲೂನು ಹಾರಿಸುವವರು ಬಂದರು, ಅವರ ಹಿಂದೆಯೇ ಬಲೂನು ನೋಡುವವರು ಬಂದರು. ರಿಫ್ಕಿ ಗವಿಗಳಿಗೆ ಸುಣ್ಣ ಬಳಿದು, ಮಂಚ ಹಾಕಿಸಿ, ಹೋಟೆಲು ತೆರೆದ. ಅಪ್ಪ ಕತ್ತೆ ಕಟ್ಟುತ್ತಿದ್ದ ಗವಿಗೆ 'ಸುಲ್ತಾನರ ಕೋಣೆ' ಎಂದು ಹೆಸರಿಟ್ಟ. ಹಗ್ಗ ಕಟ್ಟಲು ಗೋಡೆಯಲ್ಲಿ ಕೊರೆದ ತೂತು ಈಗಲೂ ಇದೆ, ಅತಿಥಿಗಳು ಅದರಲ್ಲಿ ಮೇಣದಬತ್ತಿ ಇಡುತ್ತಾರೆ. ನಾನು ಎಲ್ಮಾಸ್, ಇವರಿಬ್ಬರ ನಡುವೆ ಹುಟ್ಟಿದವಳು. ಗಂಡ ಸತ್ತ ಮೇಲೆ ಆ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದೇನೆ. ಆ ಕೋಣೆಗೆ ತಿಂಡಿ ಒಯ್ಯುವಾಗ ಎಷ್ಟೋ ಸಲ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದೇನೆ.

ಹೋಟೆಲು ಬೆಳೆದಂತೆ ರಿಫ್ಕಿಗೆ ಕೆಳಗಿನ ಮನೆಯೂ ಬೇಕೆನಿಸಿತು. ಜೆಕೆರಿಯಾ ಕೊಡಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಒಂದು ವರ್ಷ ಕಳೆಯಿತು. ಕೊನೆಗೆ ಚಹಾದಂಗಡಿಯಲ್ಲಿ ಆ ಮಾತು ಬಿತ್ತು. ಅವತ್ತಿನಿಂದ ಇಬ್ಬರೂ ಮಾತು ಬಿಟ್ಟರು. ಹಬ್ಬ ಬಂದರೂ ಕೈ ಕುಲುಕಲಿಲ್ಲ, ಮಸೀದಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲಲಿಲ್ಲ. ಮುನಿಸು ದೊಡ್ಡವರದು, ಮಕ್ಕಳಿಗೆ ಅಂಟುವುದಿಲ್ಲ ಎಂಬುದು ನಮ್ಮ ಊರಿನ ರೂಢಿ. ಹಾಗಾಗಿ ಅಣ್ಣನ ಒಬ್ಬಳೇ ಮಗಳು ಮೆದೀನೆ ಹಿಂದಿನ ಮೆಟ್ಟಿಲು ಹತ್ತಿ ಬಂದು ಚಿಕ್ಕಪ್ಪನ ಹೋಟೆಲಿನ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಅಣ್ಣ ಕಂಡೂ ಕಾಣದ ಹಾಗಿದ್ದ. ಅತ್ತಿಗೆ ಹನೀಫೆ ಕೆಳಗೆ ಸುಟ್ಟ ರೊಟ್ಟಿಯನ್ನು ನಾನು ಸೆರಗಿನಡಿ ಮುಚ್ಚಿಕೊಂಡು ಮೇಲೆ ತರುತ್ತಿದ್ದೆ. ರಿಫ್ಕಿ ಅದು ಯಾರ ಕೈಯ ರೊಟ್ಟಿ ಎಂದು ಗೊತ್ತಿದ್ದೇ ದ್ರಾಕ್ಷಿಯ ಜೋನಿಬೆಲ್ಲ ಹಚ್ಚಿಕೊಂಡು ತಿನ್ನುತ್ತಿದ್ದ. ಗಂಡಸರ ಪ್ರತಿಷ್ಠೆ ಹೊಟ್ಟೆಯ ಹತ್ತಿರ ಬಂದಾಗ ಎಷ್ಟು ಮೆತ್ತಗಾಗುತ್ತದೆ ನೋಡಿ.

ಇನ್ನು ಜಗಳಕ್ಕೆ ಉಳಿದದ್ದು ಹೊಗೆಗಂಡಿ ಒಂದೇ. ಅಣ್ಣನ ತಂದೂರಿನ ಹೊಗೆಗಂಡಿ ಹೋಟೆಲಿನ ಅಂಗಳದ ನಟ್ಟನಡುವೆ ತೆರೆದುಕೊಳ್ಳುತ್ತದೆ, ಅತಿಥಿಗಳು ಕೂತು ತಿನ್ನುವ ಮೇಜುಗಳ ಪಕ್ಕದಲ್ಲೇ. ಮೊದಲ ದಿನ ಅವರು ಅದರ ಫೋಟೋ ತೆಗೆಯುತ್ತಾರೆ, ಎರಡನೆಯ ದಿನ ಬಟ್ಟೆಯೆಲ್ಲ ಹೊಗೆ ವಾಸನೆ ಎಂದು ಗೊಣಗುತ್ತಾರೆ. ಅದನ್ನು ಮುಚ್ಚಿಸಬೇಕೆಂದು ರಿಫ್ಕಿಗೆ ಆಸೆ. ನಾನು ಬದುಕಿರುವ ತನಕ ಅದು ಹೊಗೆಯಾಡುತ್ತದೆ ಎಂದು ಜೆಕೆರಿಯಾನ ಹಟ.

ಆ ಕಂಡಿಗೆ ಬೀಸುವ ಕಲ್ಲಿನಷ್ಟು ಅಗಲದ ಒಂದು ಮುಚ್ಚುಗಲ್ಲಿದೆ. ಮಳೆಯೋ ಹಿಮವೋ ಬಿದ್ದು ತಂದೂರಿಗೆ ನೀರಿಳಿದರೆ ಅದರ ಮಣ್ಣು ಬಿರಿಯುತ್ತದೆ. ಅದಕ್ಕೆ ಕಂಡಿ ಮುಚ್ಚುವುದು ಮೇಲಿನವರ ಕೆಲಸ. ಆದರೆ ಸುಮ್ಮನೆ ಮುಚ್ಚುವ ಹಾಗಿಲ್ಲ. ಹಿಮ್ಮಡಿಯಿಂದ ಮೂರು ಸಲ ನೆಲ ಕುಟ್ಟಬೇಕು, ಕಂಡಿಗೆ ಬಾಯಿಟ್ಟು "ಮುಚ್ಚಲಾ?" ಎಂದು ಕೂಗಬೇಕು. ಕೆಳಗಿನಿಂದ "ಮುಚ್ಚು" ಎಂದರೆ ಮುಚ್ಚಬೇಕು, "ಬೆಂಕಿ ಇದೆ" ಎಂದರೆ ಕಾಯಬೇಕು. ಮೇಲೆ ಕಂಡಿ ಮುಚ್ಚಿ ಕೆಳಗೆ ಕೆಂಡ ಇದ್ದರೆ ಒಳಗಿದ್ದವರು ನಿದ್ದೆಯಲ್ಲೇ ಹೋಗುತ್ತಾರೆಂದು ನಮ್ಮ ಊರಿನ ಮಗುವಿಗೂ ಗೊತ್ತು.

ಮಾತು ಬಿಟ್ಟವರು ಕೂಗುವುದು ಹೇಗೆ? ಕೂಗು ನಿಂತಿತು. ರಿಫ್ಕಿ ಬರೀ ಕಾಲು ಕುಟ್ಟುತ್ತಿದ್ದ. ಮೆದೀನೆ ಕೆಂಡ ಕೆದಕುವ ಸಲಾಕೆಯಿಂದ ತಂದೂರಿನ ಅಂಚಿಗೆ ಬಡಿದು ಉತ್ತರ ಕೊಡುತ್ತಿದ್ದಳು. ಒಂದು ಏಟೆಂದರೆ ಮುಚ್ಚು, ಎರಡೆಂದರೆ ಬೇಡ. "ಅತ್ತೆ, ನಾನು ಇವರಿಬ್ಬರ ಮಧ್ಯೆ ಟೆಲಿಫೋನು ಆಗಿಬಿಟ್ಟೆ," ಎಂದು ನಗುತ್ತಿದ್ದಳು.

ಆ ಚಳಿಗಾಲದಲ್ಲಿ ಅದೂ ಹೋಯಿತು. ಒಬ್ಬ ಅತಿಥಿ ಕಂಡಿಯನ್ನು ಮೋರಿ ಎಂದುಕೊಂಡು ಉಳಿದ ಚಹಾವನ್ನೂ ಸಿಗರೇಟಿನ ತುಂಡನ್ನೂ ಅದರೊಳಗೆ ಹಾಕಿದ. ಅದು ನೇರವಾಗಿ ಹನೀಫೆ ನಾದಿಟ್ಟಿದ್ದ ಹಿಟ್ಟಿನ ಮೇಲೆ ಬಿತ್ತು. ಜೆಕೆರಿಯಾ ಕುದಿದುಹೋದ. ಮೇಲೆ ಬಂದು ಬೈಯಲು ಮುನಿಸು ಬಿಡದು, ಕೆಳಗೆ ಸುಮ್ಮನಿರಲು ಸಿಟ್ಟು ಬಿಡದು. ಮಗಳ ಕೈಯಿಂದ ಸಲಾಕೆ ಕಿತ್ತುಕೊಂಡು ಪಾಳುಬಿದ್ದ ನೀರಿನ ತೊಟ್ಟಿಗೆ ಎಸೆದ.

"ಇನ್ಮೇಲೆ ಆ ಕಾಲಿಗೆ ಈ ಮನೆಯಿಂದ ಯಾರಾದ್ರೂ ಉತ್ತರ ಕೊಟ್ರೆ, ಆ ಕೈ ಮುರೀತೀನಿ," ಎಂದ. ನಾನು ರೊಟ್ಟಿಗೆಂದು ಹೋಗಿದ್ದವಳು ಅಲ್ಲೇ ಇದ್ದೆ.

"ಹಿಮ ಬಿದ್ರೆ ಏನಣ್ಣ ಮಾಡ್ತೀಯ? ತಂದೂರು ಬಿರಿದುಹೋಗಲ್ವಾ?" ಎಂದೆ.

"ಬಿರೀಲಿ ಬಿಡು. ನೀನು ಅವನ ಅನ್ನ ತಿನ್ನೋಳು, ನಿಂಗ್ಯಾಕೆ ನನ್ನ ತಂದೂರಿನ ಚಿಂತೆ?"

"ಅವನು ತಿನ್ನೋದು ನಿನ್ನ ಹೆಂಡ್ತಿ ಸುಟ್ಟ ರೊಟ್ಟಿ, ನಾನು ತಿನ್ನೋದು ನಿಮ್ಮಿಬ್ಬರ ಬೈಗುಳ," ಎಂದು ಹೇಳಿ ಬಂದೆ.

ಅಣ್ಣ ನೇರವಾಗಿ ಮುಖ್ತಾರನ ಹತ್ತಿರ ಹೋದ. ಮುಖ್ತಾರನೆಂದರೆ ನಮ್ಮ ಊರಿಗೆ ಹಿರಿಯ, ಎರಡು ಕಡೆಯವರನ್ನೂ ಸಮಾಧಾನ ಮಾಡಿ ಯಾರಿಗೂ ಏನನ್ನೂ ಕೊಡದೆ ಕಳಿಸುವುದರಲ್ಲಿ ಪಳಗಿದವನು. "ಚಹಾ ಬಿತ್ತು ಅಂತ ಕಂಪ್ಲೇಂಟ್ ಬರೆಯೋಕೆ ಆಗಲ್ಲ ಜೆಕೆರಿಯಾ. ಅವನು ನಿನ್ನ ಕಂಡಿ ಮುಚ್ಚಿದ್ದಾನಾ? ಇಲ್ಲ. ಮುಚ್ಚಿದ ದಿನ ಬಾ, ನಾಲ್ಕು ಜನ ಸಾಕ್ಷಿ ಕರ್ಕೊಂಡು ಬಾ, ಆಗ ನೋಡೋಣ," ಎಂದನಂತೆ. ಅಣ್ಣ ಆ ಮಾತನ್ನು ಗಂಟು ಕಟ್ಟಿಕೊಂಡು ಮನೆಗೆ ಬಂದ.

ಅದೇ ವಾರ ಕೆಳಗಿನ ಕೇರಿಯಲ್ಲಿ ಜೀನು ಹೊಲಿಯುವವನ ಹೆಂಡತಿ ತೀರಿಕೊಂಡಳು. ಮಧ್ಯಾಹ್ನದ ಮೇಲೆ ನಾನು ಮತ್ತು ಹನೀಫೆ ಸಾವಿನ ಮನೆಗೆ ಹೋದೆವು. ನಾವು ಹೋಗುವಾಗ ಆಕಾಶ ಬೂದಿ ಬಣ್ಣಕ್ಕಿತ್ತು. ಹೋಟೆಲಿನಲ್ಲಿ ಹೊಸದಾಗಿ ಮದುವೆಯಾದ ಇಬ್ಬರು ಅತಿಥಿಗಳಿದ್ದರು. ಮೆದೀನೆ ಇಸ್ತ್ರಿ ಹಾಕುತ್ತಿದ್ದಳು. ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ. ಅಣ್ಣ ತಮ್ಮ ಇಬ್ಬರೂ ಆಮೇಲೆ ಬೇರೆ ಬೇರೆಯಾಗಿ ಹೇಳಿದ್ದನ್ನು ಜೋಡಿಸಿ ಹೇಳುತ್ತಿದ್ದೇನೆ.

ಹಿಮ ದಪ್ಪಗೆ ಬೀಳತೊಡಗಿದಾಗ ರಿಫ್ಕಿ ಮೆದೀನೆಗೆ, "ಸಾಕು ಬಿಡಮ್ಮ, ಕತ್ತಲಾದ್ರೆ ದಾರಿ ಜಾರುತ್ತೆ. ನಿನ್ನ ಅಮ್ಮ, ಅತ್ತೆ ಇರೋ ಕಡೆ ಹೋಗು, ಅವರ ಜೊತೆ ವಾಪಸ್ ಬಾ," ಎಂದ. ಅವಳು ಶಾಲು ಹೊದ್ದು ಕೆಳಗಿನ ಕೇರಿಯ ಕಡೆ ಹೋದದ್ದನ್ನು ಗೇಟಿನಲ್ಲಿ ನಿಂತು ನೋಡಿದ. ವಾಪಸು ಬಂದಾಗ ಹಿಮ ಕಂಡಿಯೊಳಗೆ ಬೀಳುತ್ತಿತ್ತು. ಹೊಗೆ ಇರಲಿಲ್ಲ. ಅತ್ತಿಗೆ ಸಾವಿನ ಮನೆಯಲ್ಲಿ, ಮಗಳು ಈಗಷ್ಟೇ ಹೋದಳು, ಅಣ್ಣ ಆ ಹೊತ್ತಿಗೆ ಯಾವಾಗಲೂ ಚಹಾದಂಗಡಿಯಲ್ಲಿ. ಮನೆ ಖಾಲಿ ಎಂದುಕೊಂಡ. ಆದರೂ ಮೂರು ಸಲ ಹಿಮ್ಮಡಿ ಕುಟ್ಟಿದ. ಸ್ವಲ್ಪ ಹೊತ್ತು ಕಾದ. ಸಲಾಕೆಯ ಸದ್ದು ಬರಲಿಲ್ಲ. ಮುಚ್ಚುಗಲ್ಲನ್ನು ಎಳೆದು ಕಂಡಿಯ ಮೇಲೆ ಕೂರಿಸಿದ.

ಅಪ್ಪನ ತಂದೂರು ಬಿರಿಯಬಾರದು ಎಂದು ಮುಚ್ಚಿದನೋ, ಅಂಗಳದ ಹಿಮದಲ್ಲಿ ಫೋಟೋ ತೆಗೆಸಿಕೊಳ್ಳಬೇಕೆಂದು ಕೇಳಿದ್ದ ಅತಿಥಿಗಳಿಗಾಗಿ ಮುಚ್ಚಿದನೋ? ಎಷ್ಟೋ ಸಲ ಕೇಳಿದ್ದೇನೆ. "ಎರಡೂ ಇತ್ತೇನೋ ಅಕ್ಕ, ನಂಗೆ ಗೊತ್ತಾಗ್ತಿಲ್ಲ," ಎನ್ನುತ್ತಾನೆ.

ಅಣ್ಣ ಚಹಾದಂಗಡಿಯಲ್ಲಿ ಇರಲಿಲ್ಲ. ಕೆಳಗೆ ಕೊಟ್ಟಿಗೆಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದ. ಮೂರು ಏಟೂ ಅವನಿಗೆ ಕೇಳಿಸಿತು. ತಂದೂರಿನಲ್ಲಿ ಬೂದಿಯಡಿ ಬೆಳಗಿನ ಕೆಂಡ ಇನ್ನೂ ಜೀವ ಹಿಡಿದಿದೆ ಎಂದೂ ಅವನಿಗೆ ಗೊತ್ತಿತ್ತು. "ಬೆಂಕಿ ಇದೆ" ಎಂಬ ಎರಡು ಮಾತು ಸಾಕಿತ್ತು. ಅವನು ಉಸಿರು ಬಿಗಿಹಿಡಿದು ನಿಂತ. ಮುಚ್ಚುಗಲ್ಲು ಉಜ್ಜಿಕೊಂಡು ಬಂದು ಕೂತ ಸದ್ದು ಕೇಳಿದಾಗ, ಅಂತೂ ಸಿಕ್ಕಿಬಿದ್ದ ಎಂದು ಖುಷಿಯಾಯಿತಂತೆ. ಬೆಂಕಿಯೇ ಇರಲಿಲ್ಲ ಎಂದು ತಮ್ಮ ವಾದಿಸಬಾರದಲ್ಲ? ಬೂದಿ ಕೆದಕಿ, ಮೇಲೆ ಒಂದು ಸಲಿಕೆ ಇದ್ದಲು ಸುರಿದ. ಚಳಿಗಾಲದಲ್ಲಿ ತಂದೂರಿನ ಮೇಲಿಡುವ ಗಿಡ್ಡ ಮೇಜನ್ನು, ಅದಕ್ಕೆ ಹೊದಿಸುವ ರಜಾಯಿಯನ್ನು ಇದ್ದ ಹಾಗೆಯೇ ಮೇಲೆ ಎಳೆದಿಟ್ಟ. ಬಾಗಿಲು ಎಳೆದುಕೊಂಡು ಸಾಕ್ಷಿಗಳನ್ನು ಕರೆತರಲು ಹೋದ.

ಮೆದೀನೆ ನಮ್ಮ ಹತ್ತಿರ ಬರಲಿಲ್ಲ. ಅರ್ಧ ದಾರಿ ಬಂದಿರಬೇಕು. ಅವಳ ಒಂದು ಬೂಟು ಹಿಂದಿನ ವರ್ಷದಿಂದಲೇ ಬಾಯಿ ಬಿಟ್ಟಿತ್ತು. ಕಾಲು ನೆನೆದು, ಒಣ ಕಾಲ್ಚೀಲ ಹಾಕಿಕೊಂಡು ಹೋಗೋಣವೆಂದು ಮನೆಗೆ ತಿರುಗಿದಳು. ಒಳಗೆ ಯಾರೂ ಇರಲಿಲ್ಲ, ತಂದೂರು ಬೆಚ್ಚಗಿತ್ತು. ಮೇಜಿನ ಸುತ್ತ ಇಳಿಬಿಟ್ಟ ರಜಾಯಿಯೊಳಗೆ ಕಾಲು ತೂರಿಸಿ ಕೂತಿದ್ದಾಳೆ. ಚಳಿಗಾಲದಲ್ಲಿ ನಾವೆಲ್ಲ ಹಾಗೇ ಕೂರುವುದು. ಕಂಡಿಯಿಂದ ಬೆಳಕು ಬರುತ್ತಿರಲಿಲ್ಲ ನಿಜ, ಆದರೆ ಹಿಮದ ದಿನ ಯಾವ ಗವಿಯಲ್ಲಿ ಬೆಳಕಿರುತ್ತದೆ?

ಚಹಾದಂಗಡಿಯಲ್ಲಿ ಕೂತವರು ಆ ಹಿಮದಲ್ಲಿ ಯಾರೂ ಬೇಗ ಏಳಲಿಲ್ಲ. ಚಹಾ ಮುಗಿಸಿ ಬರುತ್ತೇವೆ ಅಂದರು, ಇನ್ನೊಂದು ಲೋಟ ಅಂದರು. ಆಮೇಲೆ ಅಣ್ಣ ಮುಖ್ತಾರನ ಮನೆಗೆ ಹೋಗಿ ಅವನನ್ನೂ ಎಬ್ಬಿಸಿದ, ದಾರಿಯಲ್ಲಿ ಸಿಕ್ಕ ಇಮಾಮರನ್ನೂ ಸೇರಿಸಿಕೊಂಡ. ನಾನೂ ಹನೀಫೆಯೂ ಸಾವಿನ ಮನೆಯಿಂದ ಹತ್ತಿ ಬರುವಾಗ ಈ ದಂಡು ನಮಗೆ ಎದುರಾಯಿತು. ಎಷ್ಟೋ ವರ್ಷಗಳ ಮೇಲೆ ಅಣ್ಣನ ಮುಖದಲ್ಲಿ ಗೆಲುವು ಕಂಡೆ.

"ಬಾ ಎಲ್ಮಾಸ್, ನೀನೂ ಸಾಕ್ಷಿಗೆ ಬಾ," ಎಂದ. "ನಿನ್ನ ಮುದ್ದಿನ ತಮ್ಮ ಏನು ಮಾಡಿದ್ದಾನೆ ಅಂತ ನೋಡು."

"ಏನು ಮಾಡಿದ್ದಾನೆ?"

"ಕಂಡಿ ಮುಚ್ಚಿದ್ದಾನೆ. ಬೆಂಕಿ ಇರೋವಾಗ ಮುಚ್ಚಿದ್ದಾನೆ. ನನ್ನ ಮನೆಯವರು ಒಳಗಿದ್ದಿದ್ರೆ ಏನು ಗತಿಯಾಗ್ತಿತ್ತು ಅಂತ ಕೇಳ್ತೀನಿ ಇವತ್ತು."

ಎಲ್ಲರೂ ಮೊದಲು ಮೇಲಿನ ಅಂಗಳಕ್ಕೆ ಹೋದೆವು. ಮುಚ್ಚುಗಲ್ಲಿನ ಮೇಲೆ ಗೇಣು ಹಿಮ ಕೂತಿತ್ತು. ಪಕ್ಕದಲ್ಲಿ ಅತಿಥಿಗಳು ಮಾಡಿದ ಹಿಮದ ಬೊಂಬೆ ನಿಂತಿತ್ತು, ತಲೆಗೆ ನನ್ನ ಅಡುಗೆಮನೆಯ ಬಾಣಲೆ ಕವುಚಿದ್ದರು. ರಿಫ್ಕಿ ಒಳಗಿಂದ ಬಂದ. ಅಣ್ಣ ಅವನ ಕಡೆ ನೋಡದೆ ಮುಖ್ತಾರನಿಗೆ ಹೇಳಿದ, "ನೋಡಿ, ಕಣ್ಣಾರೆ ನೋಡಿ. ಅವನನ್ನ ಕೇಳಿ, ಯಾಕೆ ಮುಚ್ಚಿದ ಅಂತ."

ರಿಫ್ಕಿಯೂ ಮುಖ್ತಾರನಿಗೇ ಹೇಳಿದ, "ಕಾಲು ಕುಟ್ಟಿದೀನಿ ಅಂತ ಅವನಿಗೆ ಹೇಳಿ. ಉತ್ತರ ಬರಲಿಲ್ಲ. ಹೊಗೆ ಇರಲಿಲ್ಲ."

"ಬಾಯಿ ಬಿದ್ದೋಗಿತ್ತಾ, ಕೂಗೋಕೆ ಏನಾಗಿತ್ತು ಅಂತ ಕೇಳಿ."

"ಅವನ ಮನೇಲಿ ಉತ್ತರ ಕೊಡೋರ ಕೈ ಮುರೀತಾರಂತಲ್ಲ, ಕೂಗಿ ಏನುಪಯೋಗ ಅಂತ ಕೇಳಿ."

ಮುಖ್ತಾರ ಒಮ್ಮೆ ಅವನ ಕಡೆ, ಒಮ್ಮೆ ಇವನ ಕಡೆ ಕುತ್ತಿಗೆ ತಿರುಗಿಸುತ್ತಿದ್ದ. ಇಬ್ಬರು ಸಾಕ್ಷಿಗಳು ನಗು ಅಡಗಿಸಿಕೊಂಡರು. ನನಗೂ ಆ ಚಳಿಯಲ್ಲಿ ನಗು ಬಂತು, ಸುಳ್ಳು ಹೇಳುವುದಿಲ್ಲ. ಹಳೆಯ ಲೆಕ್ಕಗಳೆಲ್ಲ ಹೊರಬಂದವು. ಕತ್ತೆ ಬಂತು, ಅಪ್ಪನ ಗಡಿಯಾರ ಬಂತು, ಯಾರ ಮದುವೆಗೆ ಯಾರು ಕುರಿ ಕೊಡಲಿಲ್ಲ ಎಂಬುದು ಬಂತು. ಆ ಕಲ್ಲಿನ ಸುತ್ತ ನಿಂತು ನಾವು ಇದನ್ನೆಲ್ಲ ಕೇಳಿದೆವು.

ಕೊನೆಗೆ ರಿಫ್ಕಿ ಬೇಸತ್ತು ಹೇಳಿದ, "ಖಾಲಿ ಮನೆಯ ಕಂಡಿ ಮುಚ್ಚಿದ್ರೆ ಯಾರ ಪ್ರಾಣ ಹೋಯ್ತು ಈಗ? ಅತ್ತಿಗೆ ಸಾವಿನ ಮನೇಲಿದ್ರು. ಮೆದೀನೇನ ನಾನೇ ಅವರ ಹತ್ರ ಕಳಿಸಿದೆ."

ಹನೀಫೆ ಶಾಲಿನ ಹಿಮ ಕೊಡವುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಮೆದೀನೆ ನನ್ನ ಹತ್ರ ಬರಲಿಲ್ಲವಲ್ಲ," ಎಂದಳು.

ನಾನು ಅಣ್ಣನ ಮುಖ ನೋಡಿದೆ. ಅದರಲ್ಲಿದ್ದ ಗೆಲುವು ಇನ್ನೂ ಪೂರ್ತಿ ಹೋಗಿರಲಿಲ್ಲ, ಬಾಯಿ ನಗುತ್ತಿದ್ದ ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯವರದಾಗಿತ್ತು. ರಿಫ್ಕಿ ಮೊಣಕಾಲೂರಿ ಬರಿಗೈಯಲ್ಲಿ ಹಿಮ ಬಗೆದು ಕಲ್ಲನ್ನು ಕಿತ್ತ. ಕಂಡಿಯಿಂದ ಬಿಸಿ ಗಾಳಿ ಎದ್ದಿತು, ಹೊಗೆ ಏನೂ ಇರಲಿಲ್ಲ. ಬೆಂಕಿ ಇಲ್ಲದೆ ಹೊಗೆಯಾಡದು ಎನ್ನುತ್ತಾರೆ. ಹೊಗೆಯಿಲ್ಲದ ಬೆಂಕಿಯ ಬಗ್ಗೆ ಗಾದೆ ಮಾಡಲು ನಮ್ಮ ಹಿರಿಯರಿಗೆ ಯಾಕೆ ಹೊಳೆಯಲಿಲ್ಲವೋ. ನಾವೆಲ್ಲ ಮೆಟ್ಟಿಲ ಕಡೆ ಓಡಿದೆವು.

ಅವಳು ಮೇಜಿನ ಮೇಲೆ ತೋಳಿಟ್ಟು, ತೋಳಿನ ಮೇಲೆ ಕೆನ್ನೆಯಿಟ್ಟು ಕೂತಿದ್ದಳು. ತಂದೂರಿನ ಅಂಚಿನಲ್ಲಿ ಒದ್ದೆ ಕಾಲ್ಚೀಲ ಒಣಹಾಕಿದ್ದಳು, ಅವು ಚೆನ್ನಾಗಿ ಒಣಗಿದ್ದವು. ಕೆನ್ನೆ ಕೆಂಪಗಿತ್ತು. ಅದನ್ನು ನೋಡಿ ನಾನು ಬದುಕಿದ್ದಾಳೆ ಎಂದು ಕೂಗಿದೆ. ಆ ಕೂಗಿಗೆ ಹನೀಫೆ ಒಂದು ಗಳಿಗೆ ನಂಬಿದಳು. ಆ ಒಂದು ಗಳಿಗೆಯನ್ನು ನೆನೆದರೆ ನನಗೆ ನನ್ನ ನಾಲಿಗೆ ಕಿತ್ತುಹಾಕಬೇಕೆನಿಸುತ್ತದೆ. ಗಂಡಸರು ಅವಳನ್ನು ಎತ್ತಿ ಹೊರಗೆ ಹಿಮದಲ್ಲಿ ಮಲಗಿಸಿದರು, ಮುಖಕ್ಕೆ ಹಿಮ ಉಜ್ಜಿದರು, ಬಾಯಿಗೆ ಬಾಯಿಟ್ಟು ಊದಿದರು. ಇಮಾಮರು ಅವರನ್ನೆಲ್ಲ ಪಕ್ಕಕ್ಕೆ ಸರಿಸಿ ಅವಳ ಕಣ್ಣು ಮುಚ್ಚಿದರು.

ಪಟ್ಟಣದಿಂದ ಪೊಲೀಸರು ಬರುವ ಹೊತ್ತಿಗೆ ದಾರಿ ಅರ್ಧ ಮುಚ್ಚಿತ್ತು. ಯಾರು ಮುಚ್ಚಿದ್ದು ಎಂದು ಕೇಳಿದರು. ಸಾಕ್ಷಿಗಳು ಅಲ್ಲೇ ಇದ್ದರು, ಅಣ್ಣ ಕೈಯಾರೆ ಕರೆತಂದವರು. ಎಲ್ಲರೂ ತಲೆ ತಗ್ಗಿಸಿ ರಿಫ್ಕಿಯ ಕಡೆ ನೋಡಿದರು. ರಿಫ್ಕಿ ಎರಡು ಕೈಯನ್ನೂ ಮುಂದೆ ಚಾಚಿದ. ಉಗುರುಗಳು ಕಲ್ಲಿಗೆ ಸಿಕ್ಕಿ ಒಡೆದಿದ್ದವು.

ಅಣ್ಣ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಇಷ್ಟು ವರ್ಷ ಬಯಸಿದ್ದು ಅದನ್ನೇ. ಗೋಡೆಗೆ ಒರಗಿ ಕೂತಿದ್ದವನು ಎದ್ದು ಬಂದು ತಮ್ಮನ ಎದುರಿಗೆ ನಿಂತ. ಪೊಲೀಸರ ಕಡೆ ನೋಡಲಿಲ್ಲ, ಮುಖ್ತಾರನ ಕಡೆಯೂ ನೋಡಲಿಲ್ಲ.

"ರಿಫ್ಕಿ," ಎಂದ. ಆ ಹೆಸರು ಅವನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. "ನೀನು ಕಾಲು ಕುಟ್ಟಿದ್ದು ನಂಗೆ ಕೇಳಿಸ್ತು. ಮೂರು ಸಲಾನೂ ಕೇಳಿಸ್ತು. ನಾನೇ ಇದ್ದಲು ಹಾಕಿದೆ."

ರಿಫ್ಕಿ ಅವನನ್ನು ನೋಡುತ್ತ ನಿಂತ. ಹನೀಫೆಯೂ ಅದನ್ನು ಕೇಳಿಸಿಕೊಂಡಳು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲಿನ ಹಿಮ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ಇಬ್ಬರೂ ಒಂದೇ ಮಿನಿಬಸ್ಸಿನಲ್ಲಿ ಕೋರ್ಟಿಗೆ ಹೋಗುತ್ತಾರೆ, ಒಂದೇ ಮಿನಿಬಸ್ಸಿನಲ್ಲಿ ವಾಪಸು ಬರುತ್ತಾರೆ. ಈಗ ಅವರ ನಡುವೆ ಮುನಿಸಿಲ್ಲ. ಮಾತೂ ಇಲ್ಲ. ಹೋಟೆಲು ಒಂದೆರಡು ತಿಂಗಳು ಮುಚ್ಚಿ ಮತ್ತೆ ತೆರೆಯಿತು, ಹೊಟ್ಟೆ ಯಾರನ್ನು ಬಿಟ್ಟಿದೆ. ಅಂಗಳದ ಗಾಳಿ ಈಗ ಶುಭ್ರವಾಗಿದೆ, ಅತಿಥಿಗಳ ಬಟ್ಟೆಗೆ ವಾಸನೆ ಹತ್ತುವುದಿಲ್ಲ. ಹನೀಫೆ ಆ ತಂದೂರು ಹೊತ್ತಿಸಿಲ್ಲ. ಮೂಲೆಯಲ್ಲಿ ಒಂದು ಗ್ಯಾಸಿನ ಒಲೆ ಇಟ್ಟುಕೊಂಡು ಗಂಡನಿಗೆ ಗಂಜಿಯಂಥದೇನೋ ಬೇಯಿಸಿ ಹಾಕುತ್ತಾಳೆ, ಅವನ ಜೊತೆ ಮಾತಾಡುವುದಿಲ್ಲ. ರೊಟ್ಟಿಯನ್ನು ನಾನು ಪಟ್ಟಣದಿಂದ ತರಿಸುತ್ತೇನೆ. ಸಪ್ಪೆ ರೊಟ್ಟಿ.

ಈ ವರ್ಷದ ಮೊದಲ ಹಿಮ ಮೊನ್ನೆ ಸಂಜೆ ಬಿತ್ತು. ನಾನು ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತಿದ್ದೆ. ಅಂಗಳದಲ್ಲಿ ಧಪ್ ಧಪ್ ಧಪ್ ಎಂದು ಸದ್ದಾಯಿತು. ಕಿಟಕಿಗೆ ಓಡಿದೆ. ರಿಫ್ಕಿ ಕಂಡಿಯ ಪಕ್ಕದಲ್ಲಿ ಮೊಣಕಾಲೂರಿ, ಅದಕ್ಕೆ ಬಾಯಿಟ್ಟು, ಅಪ್ಪ ಕೂಗುತ್ತಿದ್ದ ಹಾಗೆ ಕೂಗಿದ.

"ಅಣ್ಣಾ, ಮುಚ್ಚಲಾ?"

ಉತ್ತರ ಬರಲಿಲ್ಲ. ಹಿಮ ಅವನ ಬೆನ್ನ ಮೇಲೆ ಬೀಳುತ್ತಿತ್ತು. ಮತ್ತೆ ಕೂಗಿದ. ಅಣ್ಣ ಮನೆಯಲ್ಲೇ ಇದ್ದ, ನನಗೆ ಗೊತ್ತು. ಮೂರನೆಯ ಸಲ ಕೂಗಿದಾಗ ಕೆಳಗಿನಿಂದ ಹನೀಫೆಯ ದನಿ ಬಂತು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಮುಚ್ಚಪ್ಪ ರಿಫ್ಕಿ," ಎಂದಳು. "ಒಳಗೆ ಬೆಂಕಿ ಇಲ್ಲ."

ಅವನು ಮುಚ್ಚುಗಲ್ಲಿಗೆ ಕೈ ಹಚ್ಚಿದ. ಎಳೆಯಲಾಗಲಿಲ್ಲ. ನಾನು ಹೊರಗೆ ಹೋಗಿ ಪಕ್ಕದಲ್ಲಿ ನಿಂತೆ, ನನಗೂ ಆಗಲಿಲ್ಲ. ಕತ್ತಲಾಗುವ ತನಕ ನಾವಿಬ್ಬರೂ ಅಲ್ಲಿ ನಿಂತು ಹಿಮ ಕಂಡಿಯೊಳಗೆ ಇಳಿಯುವುದನ್ನು ನೋಡಿದೆವು.